ಬೆನ್ನ ಹಿಂದಿನ ಹಾಜರಿ

ಚೀಟಿಯಲ್ಲಿ ಒಂದೂ ತಪ್ಪಿರಲಿಲ್ಲ. ನಡುಗುವ ಕೈ ಬರೆದದ್ದೆಂದು ಅಕ್ಷರಗಳೇ ಹೇಳುತ್ತಿದ್ದರೂ ಅವುಗಳ ಮೇಲಿನ ತಲೆಗೆರೆ ಎಲ್ಲಿಯೂ ಕಡಿದಿರಲಿಲ್ಲ, ಸ್ವರಚಿಹ್ನೆ ಎಲ್ಲಿಯೂ ಬಿಟ್ಟುಹೋಗಿರಲಿಲ್ಲ. ಅದೇ ಉಜಾಗರ್ ಸಿಂಗನನ್ನು ಬೆಳಗಿನಿಂದ ಹಿಂಸಿಸುತ್ತಿತ್ತು. ತಪ್ಪಿದ್ದರೆ ತಿದ್ದಬಹುದಿತ್ತು, ತಿದ್ದುವ ನೆಪದಲ್ಲಿ ಬೇರೇನನ್ನೋ ಬರೆಯಬಹುದಿತ್ತು. ಬಚಿಂತ್ ಕೌರ್‌ಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಗುರುಮುಖಿ ಅಕ್ಷರ ಕಲಿಸಿದವನು ಅವನೇ. ಶನಿವಾರದ ತರಗತಿಯಲ್ಲಿ ಮೊಮ್ಮಕ್ಕಳ ವಯಸ್ಸಿನವರ ನಡುವೆ ಕುಳಿತು, ಪೆನ್ಸಿಲನ್ನು ಸೌಟಿನಂತೆ ಹಿಡಿದು, ಆಕೆ ಎರಡು ಚಳಿಗಾಲ ಅಭ್ಯಾಸ ಮಾಡಿದ್ದಳು. ಯಾತಕ್ಕಾಗಿ ಕಲಿಯುತ್ತಿದ್ದಾಳೆಂದು ಅವನು ಕೇಳಿರಲಿಲ್ಲ. ಈಗ ವುಲ್ವರ್‌ಹ್ಯಾಂಪ್ಟನ್ನಿನ ಈ ಗುರುದ್ವಾರದ ಮೆಟ್ಟಿಲ ಬಳಿ ನಿಂತು, ಜೇಬಿನೊಳಗೆ ಕೈಯಿಟ್ಟು ಆ ಕಾಗದದ ಮಡಿಕೆಯನ್ನು ಬೆರಳಿನಿಂದ ಸವರುತ್ತಿದ್ದಾಗ ಅವನಿಗೆ ತಿಳಿಯಿತು: ಆಕೆ ಕಲಿತದ್ದು ಈ ನಾಲ್ಕು ಸಾಲು ಬರೆಯುವುದಕ್ಕಾಗಿ, ತನ್ನ ಪರವಾಗಿ ಅವನು ಬರೆಯುವುದನ್ನು ತಪ್ಪಿಸುವುದಕ್ಕಾಗಿ.

"ನನ್ನ ಮಗ ಲಖ್ವೀರ್ ಸಿಂಗ್ ಕುಡಿತಕ್ಕೆ ಬಿದ್ದಿದ್ದಾನೆ. ನಾಳೆ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರುತ್ತಾನೆ. ಅವನು ಗಟ್ಟಿಯಾಗಿ ನಿಲ್ಲಲಿ ಎಂದು ಸಂಗತ್ ಬೇಡಿಕೊಳ್ಳಬೇಕು. ತಾಯಿ ಬಚಿಂತ್ ಕೌರ್."

ಬೆಳಿಗ್ಗೆ ಬಾಗಿಲಲ್ಲೇ ಅಡ್ಡಗಟ್ಟಿ ಕೈಗಿತ್ತಿದ್ದಳು. ಭಾನುವಾರದ ಅರದಾಸ್ ಪ್ರಾರ್ಥನೆ ಹದಿನೆಂಟು ವರ್ಷಗಳಿಂದ ಉಜಾಗರ್ ಸಿಂಗನದೇ. ಗ್ರಂಥಸಾಹೇಬದ ಎದುರು ಕೈಮುಗಿದು ನಿಂತು, ಸಂಗತ್ತಿನ, ಅಂದರೆ ಸೇರಿದ ಜನರೆಲ್ಲರ, ಬೇಡಿಕೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುವವನು ಅವನು. ಮೊಮ್ಮಗ ಹುಟ್ಟಿದ್ದಕ್ಕೆ, ಹೊಸ ಮನೆಗೆ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ, ಲಾರಿ ಓಡಿಸುವ ಪರೀಕ್ಷೆಗೆ. ಜನ ಬಾಯಲ್ಲಿ ಹೇಳುತ್ತಿದ್ದರು, ಅವನು ಬರೆದುಕೊಳ್ಳುತ್ತಿದ್ದನು. ಬರೆದುಕೊಳ್ಳುವಾಗ ಅವರ ಒರಟು ಮಾತು ನಯವಾಗುತ್ತಿತ್ತು. ಮೇಷ್ಟರ ಭಾಷೆಯೆಂದು ಎಲ್ಲರೂ ಮೆಚ್ಚುತ್ತಿದ್ದರು.

"ಇದನ್ನ ನಾನೇ ಬರ್ದಿದೀನಿ, ಮಾಸ್ಟರ್‌ಜೀ. ಹ್ಯಾಗಿದ್ಯೋ ಹಾಗೇ ಓದ್ಬೇಕು. ಹೋದ ಸಲದ ಹಾಗೆ ಚಂದ ಮಾಡ್ಬೇಡಿ," ಎಂದಿದ್ದಳು ಆಕೆ.

ಅವನು ಓದಿ, ತಲೆಯೆತ್ತದೆ, "ಅಕ್ಷರ ಚೆನ್ನಾಗಿದೆ, ಭೈಣ್‌ಜೀ," ಎಂದಿದ್ದನು.

"ಅಕ್ಷರಕ್ಕೆ ಮಾರ್ಕು ಆಮೇಲೆ ಕೊಡಿ. ಓದ್ತೀರೋ ಇಲ್ವೋ ಅದನ್ನ ಹೇಳಿ. ಅವನು ಕೆಳಗೆ ಚಪ್ಪಲಿ ಕೋಣೇಲಿ ಕೂತಿದಾನೆ, ಬ್ಯಾಗ್ ಸಮೇತ. ಮೈಕಿನಲ್ಲಿ ಕೇಳಿಸಿದ್ರೆ ನಾಳೆ ಹೋಗ್ತೀನಿ ಅಂದಿದಾನೆ. ಇಲ್ದಿದ್ರೆ ಇಲ್ಲ. ಎಂಟು ತಿಂಗಳು ಕಾದು ಸಿಕ್ಕಿರೋ ಹಾಸಿಗೆ ಅದು. ನಾಳೆ ಹೋಗ್ದಿದ್ರೆ ಇನ್ನೊಬ್ರಿಗೆ ಕೊಟ್ಬಿಡ್ತಾರೆ."

ಹೋದ ಸಲ. ಆ ಎರಡು ಪದಗಳು ಮೆಟ್ಟಿಲ ಕಟಕಟೆಯ ತಣ್ಣನೆಯ ಕಬ್ಬಿಣದಂತೆ ಅಂಗೈಗೆ ತಗುಲಿದವು. ಹೋದ ಸಲ ಲಖ್ವೀರ್ ಮೂರು ತಿಂಗಳು ಅದೇ ಆಸ್ಪತ್ರೆಯಲ್ಲಿದ್ದನು. ಊರಿನಿಂದ ನಲವತ್ತು ಮೈಲಿ ದೂರದಲ್ಲಿ, ಸೇಬಿನ ಮರಗಳಿದ್ದ ಒಂದು ಹಳೆಯ ಕಟ್ಟಡದಲ್ಲಿ. ಆದರೆ ಈ ಗುರುದ್ವಾರದಲ್ಲಿ ಅವನು ಪಂಜಾಬಿಗೆ ಹೋಗಿದ್ದನು. "ಲಖ್ವೀರ್ ಸಿಂಗ್ ಹಿರಿಯರ ಮಣ್ಣಿನ ದರ್ಶನಕ್ಕೆ ಹೊರಟಿದ್ದಾನೆ, ಪ್ರಯಾಣ ಸುಖವಾಗಲಿ" ಎಂದು ತುಂಬಿದ ಸಭೆಯಲ್ಲಿ ಉಜಾಗರ್ ಸಿಂಗನೇ ಬೇಡಿಕೊಂಡಿದ್ದನು. ಆ ವಾಕ್ಯವನ್ನು ಕಟ್ಟಿದವನೂ ಅವನೇ. ಅದರ ಲಯಕ್ಕೆ ಅಂದು ಸ್ವಲ್ಪ ಹೆಮ್ಮೆಪಟ್ಟದ್ದೂ ನೆನಪಿದೆ. ಹುಡುಗ ಮೈ ತುಂಬಿಕೊಂಡು, ಕಣ್ಣಿನ ಹಳದಿ ಹೋಗಿ, ತೊಂಬತ್ತೆರಡು ದಿನ ಒಂದು ಹನಿ ಮುಟ್ಟದೆ ಹಿಂತಿರುಗಿದನು. ಊರಿನಿಂದ ಬಂದವನನ್ನು ಬರಿಗೈಯಲ್ಲಿ ಎದುರುಗೊಳ್ಳುವುದುಂಟೆ? ಚಿಕ್ಕಪ್ಪಂದಿರು ಸೇರಿದರು, ಕೋಳಿ ಹುರಿದರು, ಮೇಜಿನ ನಡುವೆ ವಿಸ್ಕಿ ಬಾಟಲಿ ನಿಂತಿತು. ಹೇಳಪ್ಪಾ, ಹಳ್ಳಿ ಹ್ಯಾಗಿದೆ? ಕೊಳವೆ ಬಾವೀಲಿ ನೀರು ಬರ್ತಾ ಇದ್ಯಾ? ದೊಡ್ಡಪ್ಪ ತಾಯಾಜಿಯ ಎಮ್ಮೆ ಕರು ಹಾಕ್ತಾ? ಲಖ್ವೀರ್ ನೋಡದ ಎಮ್ಮೆಯ ಬಣ್ಣವನ್ನು ಹೇಳಬೇಕಾಯಿತು, ನಡೆಯದ ದಾರಿಯ ಧೂಳನ್ನು ಹೇಳಬೇಕಾಯಿತು. ಕುಡಿಯುವುದಿಲ್ಲವೆಂದರೆ ಯಾಕೆಂದು ಕೇಳುತ್ತಾರೆ. ಯಾಕೆಂಬುದಕ್ಕೆ ಉತ್ತರ ಆ ಮೂರು ತಿಂಗಳಲ್ಲಿತ್ತು. ಆ ಮೂರು ತಿಂಗಳನ್ನು ಉಜಾಗರ್ ಸಿಂಗನ ವಾಕ್ಯ ನುಂಗಿತ್ತು. ಮೂರನೆಯ ಸುಳ್ಳಿಗೋ ನಾಲ್ಕನೆಯ ಸುಳ್ಳಿಗೋ ಅವನು ಲೋಟ ಎತ್ತಿಕೊಂಡನು. ಆ ಮೇಜಿನ ತುದಿಯಲ್ಲಿ, ಕಿತ್ತಳೆ ರಸ ಹಿಡಿದು, ಉಜಾಗರ್ ಸಿಂಗ್ ಕುಳಿತಿದ್ದನು. ನೋಡಿದನು. ಕೋಳಿಗೆ ಉಪ್ಪು ಹೆಚ್ಚಾಗಿದೆಯೆಂದು ಪಕ್ಕದವನಿಗೆ ಹೇಳಿದನು.

ಈ ಕಟ್ಟಡ ಮೊದಲು ಶಾಲೆಯಾಗಿತ್ತು. ಕಮಿಟಿಯವರು ಕೊಂಡುಕೊಂಡಾಗ ಗೋಡೆ ಕೆಡವಿ ಮಹಡಿಯ ಸಭಾಂಗಣವನ್ನು ಅಗಲ ಮಾಡಿದರೂ ಕೆಳಗಿನ ಓಣಿಯ ಗೋಡೆಯಲ್ಲಿ ಮಕ್ಕಳ ಎದೆಯೆತ್ತರಕ್ಕೆ ಬಡಿದ ಕೋಟಿನ ಗೂಟಗಳು ಹಾಗೆಯೇ ಉಳಿದಿದ್ದವು. ಅವುಗಳ ನಡುವೆ ನಡೆಯುವಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಪಂಜಾಬಿನ ನಕೋದರ್ ಕಡೆಯ ಹಳ್ಳಿಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದವನು ಅವನು. ಕಪ್ಪುಹಲಗೆಯ ಮೇಲೆ ಬರೆಯುತ್ತಲೇ, ತರಗತಿಗೆ ಬೆನ್ನು ಹಾಕಿ, ಹಾಜರಿ ಕರೆಯುತ್ತಿದ್ದನು. "ಹಾಜರ್ ಜೀ" ಎಂಬ ಒಂದೇ ಮಾತಿನಲ್ಲಿ ಯಾರು, ಯಾವ ಮೂಲೆಯಿಂದ, ಜ್ವರದಲ್ಲಿದ್ದಾನೆಯೇ, ಗೆಳೆಯನ ಪರವಾಗಿ ಕೂಗುತ್ತಿದ್ದಾನೆಯೇ ಎಲ್ಲವೂ ತಿಳಿಯುತ್ತಿತ್ತು. ಸುಳ್ಳು ಹಾಜರಿಗೆ ಕಿವಿ ಹಿಂಡುತ್ತಿದ್ದನು. ಮದ್ಯಪಾನದ ಕೇಡಿನ ಬಗ್ಗೆ ಬಣ್ಣದ ಚಿತ್ರಪಟ ಬರೆದು ಗೋಡೆಗೆ ತೂಗುಹಾಕಿದ್ದನು. ಅದರಲ್ಲಿ ಯಕೃತ್ತಿಗೆ ಬಳಿದ ಕಂದುಬಣ್ಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದೊಂದು ದಿನ ಅದೇ ಬಣ್ಣ ತನ್ನ ಮಗನ ಮುಖಕ್ಕೆ ಏರುವುದೆಂದು ಆ ಚಿತ್ರಪಟ ಹೇಳಿರಲಿಲ್ಲ.

ಆಫೀಸಿನಲ್ಲಿ ಕಮಿಟಿಯ ಪ್ರಧಾನ ಗುರ್ಮೇಜ್ ಸಿಂಗ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದನು. ಲೋಹದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯೆದುರು ನಿಂತ ಅವನ ಮುಂಗೈಗಳಲ್ಲಿ ಕೂದಲು ಇನ್ನೂ ಸರಿಯಾಗಿ ಬೆಳೆದಿರಲಿಲ್ಲ.

"ಬನ್ನಿ ಮಾಸ್ಟರ್‌ಜೀ, ಕೂತ್ಕೊಳ್ಳಿ. ಆ ಹೆಂಗಸು ನಿಮಗೂ ಚೀಟಿ ಕೊಟ್ಲಾ? ನನಗೆ ಬಾಯಲ್ಲೇ ಪಾಠ ಮಾಡಿ ಹೋದ್ಲು. ನೋಡಿ, ಅವನು ಕುಡಿಯೋದು ಯಾರಿಗೆ ಗೊತ್ತಿಲ್ಲ? ನಮ್ಮ ನಾಯಿಗೂ ಗೊತ್ತು. ಗೊತ್ತಿರೋದು ಬೇರೆ, ಮೈಕಿನಲ್ಲಿ ಕೇಳೋದು ಬೇರೆ."

"ಆಕೆ ಹಾಗೇ ಓದಿ ಅಂತಿದಾಳೆ."

"ಆಕೆ ಅಂತಾಳೆ. ಆ ಮನೇಲಿ ಇನ್ನೂ ಒಂದು ಹುಡುಗಿ ಇದಾಳಲ್ಲ, ಅವಳನ್ನ ನಾಳೆ ಯಾರು ಕೇಳ್ಕೊಂಡು ಬರ್ತಾರೆ? ಆಗ ಇದೇ ಬಚಿಂತ್ ಕೌರ್ ಬಂದು ನನ್ನ ಗಡ್ಡ ಹಿಡೀತಾಳೆ. 'ದೇಹಾರೋಗ್ಯಕ್ಕಾಗಿ' ಅಂದ್ಬಿಡಿ. ಸುಳ್ಳೇನಲ್ವಲ್ಲ, ಲಿವರ್ ಇರೋದೂ ದೇಹದಲ್ಲೇ!" ಪ್ರಧಾನ ತನ್ನ ಮಾತಿಗೆ ತಾನೇ ನಕ್ಕನು. ನೆನೆದ ಬಿಸ್ಕತ್ತು ಕಡಿದು ಚಹಾದೊಳಗೆ ಬಿತ್ತು, ಅದನ್ನು ಬೆರಳಿನಿಂದ ಎತ್ತುತ್ತ, ದನಿ ತಗ್ಗಿಸಿ, ತೀರ ವಿಶ್ವಾಸದಿಂದ ಹೇಳಿದನು: "ನಿಮ್ಮ ತೇಜ್‌ಪಾಲನ ಸಮಯದಲ್ಲಿ ಹಾರ್ಟ್ ಅಂದ್ರಿ. ಇಡೀ ಸಂಗತ್ ಹಾರ್ಟ್ ಅಂತಲೇ ಒಪ್ಕೊಂಡಿತು. ಒಬ್ಬರಾದ್ರೂ ಒಂದು ಮಾತು ಕೇಳಿದ್ರಾ? ಅದು ಮರ್ಯಾದೆ. ಅದನ್ನೇ ನಾವೀಗ ಆ ಹುಡುಗನಿಗೂ ಮಾಡ್ತಾ ಇರೋದು."

ಉಜಾಗರ್ ಸಿಂಗನ ಕಿವಿಗಳು ಬಿಸಿಯಾದವು, ಯಾರೋ ಹಿಂಡಿದಂತೆ. ಎಲ್ಲರಿಗೂ ಗೊತ್ತಿತ್ತು. ಆರು ವರ್ಷಗಳಿಂದ ತಾನು ಮುಚ್ಚಿಟ್ಟಿದ್ದೇನೆಂದುಕೊಂಡದ್ದನ್ನು ಇವರೆಲ್ಲ ಸೇರಿ ಭಿಕ್ಷೆಯಂತೆ ಮುಚ್ಚಿಕೊಟ್ಟಿದ್ದರು. ತಾನು ಪ್ರತಿ ಭಾನುವಾರ ನೆಟ್ಟಗೆ ನಿಂತದ್ದು ಅವರ ಆ ಕರುಣೆಯ ಮೇಲೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದನು. ಹೊರಬಂದದ್ದು "ಆಯಿತು" ಎಂಬ ಮಾತು.

ಹಾರ್ಟ್. ಆ ಪದವನ್ನೂ ಬರೆದುಕೊಟ್ಟವನು ಅವನೇ. ಮಗ ತೇಜ್‌ಪಾಲನಿಗೆ ಆಗ ಮೂವತ್ತೊಂಬತ್ತು ವರ್ಷ. ಡಾಕ್ಟರು ಚಿಕಿತ್ಸೆಗಾಗಿ ಕಳಿಸಿದ ಪತ್ರದಲ್ಲಿ ಭೇಟಿಯ ದಿನಾಂಕ ಫೆಬ್ರವರಿ ಹನ್ನೊಂದು ಎಂದಿತ್ತು; ತೇಜ್‌ಪಾಲನ ತಂಗಿಯ ಮದುವೆ ಮಾರ್ಚ್ ಇಪ್ಪತ್ತಕ್ಕೆ. ಚಿಕಿತ್ಸಾಲಯದ ಬಾಗಿಲಲ್ಲಿ ಕೆಲಸ ಮಾಡುವ ಹುಡುಗಿ ನಮ್ಮವಳೇ, ಬೀಗರ ಕಡೆಯ ಸಂಬಂಧ; ಅವಳು ಕಂಡರೆ ಬೀಗರಿಗೆ ತಿಳಿಯುತ್ತದೆ. ಮದುವೆ ಮುಗಿಯಲಿ ಎಂದು ಅವನು ಪತ್ರವನ್ನು ಪಾಸ್‌ಪೋರ್ಟುಗಳ ಕೆಳಗೆ ಇಟ್ಟನು. ಮದುವೆ ಮುಗಿಯಿತು. ಅಲ್ಲಿ ಎಲ್ಲರೂ ಕುಡಿದರು, ಭುಜಕ್ಕೆ ಭುಜ ಸೇರಿಸಿ ಕುಣಿದರು, ಕುಡಿದು ಬಿದ್ದವನನ್ನು ನಗುತ್ತ ಎತ್ತಿ ಕಾರಿನಲ್ಲಿ ಮಲಗಿಸಿದರು, ಯಾರಿಗೂ ಅವಮಾನವಾಗಲಿಲ್ಲ. ಎಂಥ ಜನ ನಾವು! ಬಾಟಲಿಯನ್ನು ಮೇಜಿನ ನಡುವೆ ದೀಪದಂತೆ ಇಡುತ್ತೇವೆ, ಔಷಧದ ಪತ್ರವನ್ನು ಕಳ್ಳಮಾಲಿನಂತೆ ಅಡಗಿಸುತ್ತೇವೆ. ಮುಳುಗುವವನ ಬಗ್ಗೆ ನಮಗೆ ನಾಚಿಕೆಯಿಲ್ಲ, ದಡಕ್ಕೆ ಕೈಚಾಚಿದವನ ಬಗ್ಗೆ ನಾಚಿಕೆ. ಈ ಮಾತನ್ನು ಅವನು ಮನಸ್ಸಿನೊಳಗೆ ಎಷ್ಟೋ ಸಲ ಭಾಷಣದಂತೆ ಹೇಳಿಕೊಂಡಿದ್ದನು, ತಪ್ಪಿಲ್ಲದ ವಾಕ್ಯಗಳಲ್ಲಿ. ಪ್ರತಿ ಸಲವೂ ಭಾಷಣದ ಕೊನೆಯಲ್ಲಿ ಪಾಸ್‌ಪೋರ್ಟುಗಳ ಕೆಳಗಿನ ಆ ಲಕೋಟೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಅದನ್ನು ಅಲ್ಲಿ ಕಂಡವಳು ಅವನ ಹೆಂಡತಿ ನಿಹಾಲ್ ಕೌರ್, ಮಗನ ಮರಣಪತ್ರಕ್ಕಾಗಿ ದಾಖಲೆ ಹುಡುಕುತ್ತಿದ್ದಾಗ. ದಿನಾಂಕ ಓದಿ, ಮಡಿಸಿ, ಇದ್ದಲ್ಲಿಯೇ ಇಟ್ಟಿದ್ದಳು. ಅಂದಿನಿಂದ ಆಕೆ ಭಾನುವಾರ ತಪ್ಪದೆ ಬರುತ್ತಿದ್ದಳು, ತಲೆ ಮುಚ್ಚಿ ಹೆಂಗಸರ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಆದರೆ ಅರದಾಸಿನ ಒಂದೊಂದು ಬೇಡಿಕೆಗೂ ಸಂಗತ್ ಎಲ್ಲ ಸೇರಿ "ವಾಹೆಗುರು" ಎನ್ನುವಾಗ ಅವಳ ದನಿ ಅದರಲ್ಲಿರುತ್ತಿರಲಿಲ್ಲ. ಮುನ್ನೂರು ದನಿಗಳಲ್ಲಿ ಒಂದು ಇಲ್ಲದ್ದು ಯಾರಿಗೆ ತಿಳಿಯುತ್ತದೆ? ಬೆನ್ನು ಹಾಕಿ ಹಾಜರಿ ಕರೆದವನಿಗೆ ತಿಳಿಯುತ್ತದೆ.

ಚಪ್ಪಲಿ ಕೋಣೆಯಲ್ಲಿ ಲಖ್ವೀರ್ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ತಲೆಗೆ ಕೇಸರಿ ವಸ್ತ್ರ ಕಟ್ಟಿಕೊಂಡು, ಬಂದವರ ಪಾದರಕ್ಷೆಗಳನ್ನು ಒರೆಸಿ ಗೂಡುಗಳಲ್ಲಿಡುತ್ತಿದ್ದನು. ಕೈ ನಡುಗುತ್ತಿತ್ತು. ಒಂದು ಜೋಡಿಯನ್ನು ಗೂಡಿಗೆ ಸೇರಿಸಲು ಮೂರು ಸಲ ಪ್ರಯತ್ನಿಸಬೇಕಾಗುತ್ತಿತ್ತು. ಬಾಯಿಂದ ಏಲಕ್ಕಿಯ ವಾಸನೆ, ಏಲಕ್ಕಿಯ ಕೆಳಗೆ ಇನ್ನೊಂದು. ಒಮ್ಮೆಗೇ ಬಿಟ್ಟರೆ ಅಪಾಯ, ನಾಳೆಯವರೆಗೆ ಅಳತೆಯಲ್ಲಿ ಕುಡಿಯಬೇಕೆಂದು ಆಸ್ಪತ್ರೆಯವರೇ ಹೇಳಿದ್ದರಂತೆ. ಬಚಿಂತ್ ಕೌರ್ ಔಷಧದ ಹಾಗೆ ಅಳೆದು ಕೊಡುತ್ತಿದ್ದಳಂತೆ. ಅವನ ಕಾಲ ಬಳಿ ಒಂದು ನೀಲಿ ಬ್ಯಾಗು, ಅದರ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಉಜಾಗರ್ ಸಿಂಗ್ ಗುರುತಿಸಿದನು. ಏಳು ವರ್ಷಗಳ ಹಿಂದೆ ಆರೋಗ್ಯ ಇಲಾಖೆಯವರು ಕಳಿಸಿದ್ದ ಕರಪತ್ರಗಳು. ಅದರ ಪಂಜಾಬಿಯಲ್ಲಿ ಹದಿನಾಲ್ಕು ತಪ್ಪುಗಳಿದ್ದವು. ಅವನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸಿದ್ದನು, ಅವರು ಧನ್ಯವಾದ ಹೇಳಿ ಮತ್ತೆ ಅಚ್ಚುಹಾಕಿಸಿದ್ದರು. ಸಹಾಯ ಕೇಳಲು ನಾಚಬೇಡಿ. ಆ ವಾಕ್ಯ ಅವನದೇ. ಪೆಟ್ಟಿಗೆಯನ್ನು ಯಾರೂ ಬಿಚ್ಚಿರಲಿಲ್ಲ. ಅವನೂ ಬಿಚ್ಚಿರಲಿಲ್ಲ, ಮನೆಯಲ್ಲಿ ತೇಜ್‌ಪಾಲ್ ರಕ್ತ ಕಾರುತ್ತಿದ್ದಾಗಲೂ.

"ಸತ್ ಶ್ರೀ ಅಕಾಲ್, ಮಾಸ್ಟರ್‌ಜೀ. ಈ ಸಲ ನನ್ನನ್ನ ಯಾವ ಊರಿಗೆ ಕಳಿಸ್ತೀರಿ?" ಎಂದನು ಲಖ್ವೀರ್, ಅವನ ಬೂಟಿಗೆ ಕೈಚಾಚುತ್ತ. "ಪಟಿಯಾಲಾ ನಾನು ನೋಡಿಲ್ಲ. ಅಲ್ಲಿ ಎಮ್ಮೆಗಳು ಹ್ಯಾಗಿರ್ತವೆ ಅಂತ ಮೊದಲೇ ಹೇಳ್ಬಿಡಿ, ಬಂದ ಮೇಲೆ ಕಷ್ಟ ಆಗುತ್ತೆ."

"ಪುತ್, ನಿನ್ನ ತಂಗಿಯ ಬಗ್ಗೆ ಯೋಚನೆ ಮಾಡಿದ್ಯಾ?"

"ಚೀಟಿ ಬರೀವಾಗ ಅಮ್ಮನ ಕೈ ಹಿಡ್ಕೊಂಡಿದ್ದೋಳೇ ಅವಳು." ಬೂಟನ್ನು ತೊಡೆಯ ಮೇಲಿಟ್ಟು ಒರೆಸತೊಡಗಿದನು. ಮುಖದ ನಗು ಹೋಗಿತ್ತು. "ಮಾಸ್ಟರ್‌ಜೀ, ಅಲ್ಲಿ ಇರೋದು ಕಷ್ಟ ಅಲ್ಲ. ಊಟ ಸಪ್ಪೆ, ಅಷ್ಟೇ. ಬರೋದು ಕಷ್ಟ. ಎಲ್ಲಿಂದ ಬಂದೆ ಅಂತ ಹೇಳೋ ಹಾಗಿಲ್ದಿದ್ರೆ ಬಂದ ಹಾಗೇ ಆಗಲ್ಲ. ಈ ಚಿಕ್ಕಪ್ಪಂದಿರು ಕೆಟ್ಟೋರಲ್ಲ. ಬಾಯಿಬಿಟ್ಟು ಹೇಳಿದ್ದಿದ್ರೆ ನನ್ನ ಕೈಗೆ ಲೋಟ ಕೊಡ್ತಿರ್ಲಿಲ್ಲ. ಗೊತ್ತಿತ್ತು, ಆದ್ರೆ ಯಾರೂ ಅವರಿಗೆ ಹೇಳಿರ್ಲಿಲ್ಲ."

ಉಜಾಗರ್ ಸಿಂಗ್ ತನ್ನ ಬೂಟನ್ನು ಆ ನಡುಗುವ ಕೈಗಳು ಹಿಡಿದುಕೊಂಡ ಬಗೆಯನ್ನು ನೋಡುತ್ತಿದ್ದನು: ಹಿಮ್ಮಡಿಯ ಮಣ್ಣನ್ನು ಉಗುರಿನಿಂದ ಕೆರೆದು, ಆ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು, ಗೂಡಿನ ಅಂಚನ್ನು ಬೆರಳಿಂದ ಹುಡುಕಿ ಒಳಗಿಟ್ಟ ಬಗೆ. ತನ್ನ ಕಾಲ ಮಣ್ಣಿನಲ್ಲಿ ಇವನಿಗೆ ಏನು ಕಂಡಿತು? ಮೂವತ್ತು ವರ್ಷ ಇತರರಿಗೆ ನೀತಿ ಹೇಳಿದವನಿಗೆ ಒಮ್ಮೆಗೇ ತಾನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವಂತೆಯೂ, ಪಾಠ ಮುಂದೆಲ್ಲೋ ಈ ಗಿಡ್ಡ ಸ್ಟೂಲಿನ ಮೇಲಿನಿಂದ ನಡೆಯುತ್ತಿರುವಂತೆಯೂ ತೋರಿತು. ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿದನು. ಮೆಟ್ಟಿಲ ತಿರುವಿನಲ್ಲಿ ಪ್ರಧಾನ ಎದುರಾಗಿ, ಒಂದು ಕಣ್ಣು ಮಿಟುಕಿಸಿ, "ದೇಹಾರೋಗ್ಯ," ಎಂದು ತುಟಿಯಾಡಿಸಿದನು.

ಕೀರ್ತನೆ ಮುಗಿಯಿತು. ಹಾರ್ಮೋನಿಯಂ ಮುಚ್ಚಿದ ಸದ್ದು. ಮುನ್ನೂರು ಜನ ಒಟ್ಟಿಗೆ ಏಳುವಾಗ ಬಟ್ಟೆಗಳಿಂದ ಏಳುವ ಆ ದೊಡ್ಡ ಉಸಿರು. ಉಜಾಗರ್ ಸಿಂಗ್ ಮುಂದೆ ಬಂದು ಕೈಮುಗಿದು ನಿಂತನು. ಎದುರಿಗೆ ಗ್ರಂಥಸಾಹೇಬ, ಹಿಂದೆ ಎಲ್ಲರೂ. ಬಾಯಿ ತಾನಾಗಿ ಹಳೆಯ ಪದಗಳನ್ನು ಹೇಳತೊಡಗಿತು, ಗುರುಗಳ ಹೆಸರು, ತಲೆಕೊಟ್ಟವರ ನೆನಪು. ಹಿಂದಿನಿಂದ ಅಲೆಯಂತೆ "ವಾಹೆಗುರು" ಬಂದು ಬೆನ್ನಿಗೆ ಬಡಿದು ಹಿಂದೆ ಸರಿಯುತ್ತಿತ್ತು. ಮೊಮ್ಮಗಳು ಹುಟ್ಟಿದ ಮನೆ. ವಾಹೆಗುರು. ಕಣ್ಣಿನ ಪೊರೆ ತೆಗೆಸಿಕೊಂಡವರು. ವಾಹೆಗುರು. ಅಂಗೈಯೊಳಗಿನ ಪಟ್ಟಿಯಲ್ಲಿ ಮುಂದಿನದು ಲಖ್ವೀರ್, ಅದರ ಮುಂದೆ ಅವನೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಒಂದು ಪದ, ದೇಹಾರೋಗ್ಯ; ಪಟ್ಟಿಯ ಕೆಳಗೆ ಬಚಿಂತ್ ಕೌರ್‌ಳ ಚೀಟಿ, ಬೆವರಿಗೆ ಮೆತ್ತಗಾಗಿ. ಗ್ರಂಥ ಓದುವ ಗ್ರಂಥಿ ಬೀಸುತ್ತಿದ್ದ ಚಾಮರದ ಬಿಳಿಯ ಕೂದಲುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುವುದನ್ನು ಅವನು ನೋಡಿದನು. ಹದಿನೆಂಟು ವರ್ಷಗಳಿಂದ ಇದನ್ನೇ ನೋಡುತ್ತ ನಿಂತಿದ್ದೇನೆ, ಆದರೆ ಯಾರೆದುರು ನಿಂತು ಸುಳ್ಳು ಹೇಳುತ್ತಿದ್ದೇನೆಂದು ಒಮ್ಮೆಯೂ ತೋಚಲಿಲ್ಲವಲ್ಲ ಎಂಬುದು ಆಗ ಹೊಳೆಯಿತು. ಸಂಗತ್‌ಗೆ ಸತ್ಯ ಗೊತ್ತಿತ್ತು. ಎದುರಿಗಿದ್ದವನಿಗೂ ಗೊತ್ತಿತ್ತು. ಹಾಗಾದರೆ ಆ ಸುಳ್ಳುಗಳನ್ನೆಲ್ಲ ತಾನು ಹೇಳಿದ್ದು ಯಾರಿಗೆ?

ಅವನು ಚೀಟಿಯನ್ನು ಮೇಲಕ್ಕೆ ತಂದು, ಇದ್ದದ್ದನ್ನು ಇದ್ದ ಹಾಗೆ ಓದಿದನು. ಕುಡಿತಕ್ಕೆ ಬಿದ್ದಿದ್ದಾನೆ. ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರುತ್ತಾನೆ. ಮೈಕು ಆ ಪದಗಳನ್ನು ಸಭಾಂಗಣದ ನಾಲ್ಕು ಮೂಲೆಗೂ, ಅಡುಗೆಮನೆಗೂ, ಕೆಳಗಿನ ಚಪ್ಪಲಿ ಕೋಣೆಗೂ ಒಯ್ದು ಹಾಕಿತು. ತಾಯಿ ಬಚಿಂತ್ ಕೌರ್.

ಅಲೆ ಬರಲಿಲ್ಲ.

ಇಂಥ ಮೌನವನ್ನು ಅವನು ಎಂದೂ ಕೇಳಿರಲಿಲ್ಲ. ಗೋಡೆಯ ಬಿಸಿನೀರಿನ ಕೊಳವೆ ಟಕ್ಕೆಂದಿತು. ಕೆಳಗಿನ ಅಡುಗೆಮನೆಯಲ್ಲಿ ಯಾರೋ ಸೌಟನ್ನು ಕೆಳಗಿಡಲು ಮರೆತಂತೆ ಒಂದು ಸದ್ದು ಅರ್ಧಕ್ಕೇ ನಿಂತಿತು. ಚಾಮರವೂ ನಿಂತಿತ್ತು, ಗ್ರಂಥಿಯ ತುಟಿ ಸ್ವಲ್ಪ ತೆರೆದಿತ್ತು. ಅದು ಖಾಲಿ ಮೌನವಾಗಿರಲಿಲ್ಲ. ಮುನ್ನೂರು ಜನ ಒಂದೇ ಉಸಿರನ್ನು ಹಿಡಿದುಕೊಂಡ ಮೌನ, ಬೆಟ್ಟದಂತೆ ಬೆನ್ನ ಹಿಂದೆ ಎದ್ದು ನಿಂತದ್ದು. ತಿರುಗಿ ನೋಡುವಂತಿರಲಿಲ್ಲ. ಅದರ ಎತ್ತರ ಮಾತ್ರ ಬೆನ್ನಿಗೆ ತಿಳಿಯುತ್ತಿತ್ತು. ಹುಡುಗನನ್ನು ಕೊಂದೆನೇ ಎಂದುಕೊಂಡನು.

ಆಗ ಎಡಗಡೆಯಿಂದ, ಹೆಂಗಸರ ಮೂರನೆಯ ಸಾಲಿನಿಂದ, ತುಕ್ಕು ಹಿಡಿದ ಚಿಲಕ ಸರಿದಂತೆ ಒಂದು ದನಿ ಬಂತು.

"ವಾಹೆಗುರು."

ನಿಹಾಲ್ ಕೌರ್. ಆರು ವರ್ಷಗಳ ನಂತರ. ಉಜಾಗರ್ ಸಿಂಗ್ ಮುಗಿದ ಕೈಗಳನ್ನು ಇನ್ನಷ್ಟು ಒತ್ತಿದನು, ಅವು ಬಿಟ್ಟುಹೋಗದಂತೆ. ಅವಳ ಹಿಂದೆಯೇ ಬಲಗಡೆಯ ಕಂಬದ ಬಳಿಯಿಂದ ಇನ್ನೊಂದು ದನಿ. ಬಸ್ಸು ಓಡಿಸುವ ಸರಬ್‌ಜೀತನದು, ಅವನ ತಮ್ಮ "ಮಂಪರು ಕಾಯಿಲೆ"ಯಲ್ಲಿ ತೀರಿಕೊಂಡಿದ್ದನು, ಆ ಪದವೂ ಉಜಾಗರ್ ಸಿಂಗನದೇ. ಆಮೇಲೆ ಬಾಗಿಲ ಬಳಿಯ ಮುದುಕಿ. ಆಮೇಲೆ ಒಬ್ಬಳು ಚಿಕ್ಕ ಹುಡುಗಿ, ಯಾರ ಮನೆಯವಳೆಂದು ದನಿಯಿಂದಲೇ ತಿಳಿಯಿತು. ಆ ಮನೆಯ ಬಗ್ಗೆ ಅವನಿಗೂ ಗೊತ್ತಿರಲಿಲ್ಲ. ಅಲೆಯಂತೆ ಒಟ್ಟಿಗೆ ಬರಲಿಲ್ಲ ಅವು. ಒಂದರ ಹಿಂದೆ ಒಂದು, ನಡುವೆ ಜಾಗ ಬಿಟ್ಟು, ಒಬ್ಬರು ಮುಗಿಸಲೆಂದು ಇನ್ನೊಬ್ಬರು ಕಾದಂತೆ. ಪ್ರತಿಯೊಂದರ ಹಿಂದೆಯೂ ಒಂದು ಮನೆ, ಒಂದು ಮುಚ್ಚಿದ ಬಾಗಿಲು, ಅವನು ಹದಿನೆಂಟು ವರ್ಷ ಸುಣ್ಣ ಬಳಿದ ಒಂದು ಗೋಡೆ. ಹಾಜರಿ, ಎಂದುಕೊಂಡನು. ನಾನು ಹೆಸರು ಕರೆಯದೆಯೇ ಹಾಜರಿ ಹೇಳುತ್ತಿದ್ದಾರೆ. ಪ್ರಧಾನ ಗುರ್ಮೇಜ್ ಸಿಂಗನ ದನಿಗಾಗಿ ಕಿವಿಗೊಟ್ಟನು; ಅದು ಬರಲಿಲ್ಲ. ಆದರೆ ಪ್ರಧಾನನ ಹೆಂಡತಿಯ ದನಿ ಬಂತು, ಸ್ಪಷ್ಟವಾಗಿ, ತುಸು ಸಿಟ್ಟಿನಿಂದಲೇ.

ಕೊನೆಯದು ಬಹಳ ತಡವಾಗಿ ಬಂತು, ಬಾಗಿಲ ಆಚೆಯಿಂದ. ಮೆಟ್ಟಿಲನ್ನು ಓಡಿ ಹತ್ತಿದವನ ಏದುಸಿರು, ಹೆಗಲಿನಿಂದ ಬ್ಯಾಗು ನೆಲಕ್ಕೆ ಜಾರಿದ ಸದ್ದು, ಆಮೇಲೆ "ವಾಹೆಗುರು". ತಡವಾಗಿ ಬಂದ ವಿದ್ಯಾರ್ಥಿ ಹೊಸ್ತಿಲಲ್ಲಿ ನಿಂತು ಹಾಜರ್ ಎಂದಂತೆ. ಬಚಿಂತ್ ಕೌರ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತ ಸದ್ದು ಕೇಳಿಸಿತು. ಹೋಗುತ್ತಾನೆ, ಎಂದುಕೊಂಡನು ಉಜಾಗರ್ ಸಿಂಗ್. ನಾಳೆ ಹೋಗುತ್ತಾನೆ; ಬರುವಾಗ ಎಲ್ಲಿಂದ ಬಂದೆನೆಂದು ಹೇಳಿಕೊಂಡು ಬರುತ್ತಾನೆ.

ಪಟ್ಟಿಯಲ್ಲಿ ಇನ್ನೂ ಎರಡು ಬೇಡಿಕೆಗಳು ಉಳಿದಿದ್ದವು, ಒಂದು ಹೊಸ ಅಂಗಡಿ, ಒಂದು ಮದುವೆ ನಿಶ್ಚಯ. ಅವನು ಎರಡನ್ನೂ ಓದಿದನು. ಅಲೆ ಎಂದಿನಂತೆ ಬಂದು ಹೋಯಿತು. ಓದಲು ಇನ್ನೇನೂ ಇರಲಿಲ್ಲ. ಆದರೂ ಅವನು ಮುಕ್ತಾಯದ ಪದಗಳಿಗೆ ಹೋಗಲಿಲ್ಲ. ಯಾವ ಚೀಟಿಯಲ್ಲೂ ಇಲ್ಲದ ಒಂದು ಹೆಸರು ಇನ್ನೂ ಉಳಿದಿತ್ತು. ಮರಣದ ದಿನವೂ ಆ ಹೆಸರನ್ನು ಅವನು ಅದರ ನಿಜದೊಂದಿಗೆ ಕರೆದಿರಲಿಲ್ಲ.

"ತೇಜ್‌ಪಾಲ್ ಸಿಂಗ್," ಎಂದನು, ಮೈಕಿಗೆ, ಎದುರಿನ ಬಿಳಿಯ ಚಾಮರಕ್ಕೆ. "ನನ್ನ ಮಗ. ಕುಡಿತದಿಂದ ಸತ್ತನು. ಆಸ್ಪತ್ರೆಯ ಪತ್ರ ಬಂದಿತ್ತು. ನಾನು ಅದನ್ನು ಅಡಗಿಸಿಟ್ಟೆ."

ಹೇಳಿ, ಹಾಜರಿಯಲ್ಲಿ ಒಂದು ಹೆಸರು ಕೂಗಿದ ಮೇಲೆ ಮೇಷ್ಟರು ಎಷ್ಟು ಹೊತ್ತು ಕಾಯುತ್ತಾರೋ ಅಷ್ಟು ಹೊತ್ತು ಕಾದನು. ಬೆನ್ನ ಹಿಂದೆ ಮುನ್ನೂರು ಜನರೂ, ಯಾರೂ ಆ ಹುಡುಗನ ಪರವಾಗಿ ಕೂಗದೆ, ಅವನೊಂದಿಗೆ ಕಾದರು.